ಕಾಲುವೆಗೆ ಬಿಟ್ಟ ಭೂಗೋಳ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಆ ಸಿಟ್ಟಿನಿಂದ ನನ್ನ ಜೀವನದಲ್ಲಿ ಒಂದಾದರೂ ಒಳ್ಳೆಯ ಕೆಲಸವಾಗಿದೆ. ಹೊಸಪೇಟೆಯ ಹೆಣ್ಣುಮಕ್ಕಳ ಶಾಲೆಯ ಗೋಡೆಗೆ ತೂಗುಹಾಕಿದ್ದ ಮದ್ರಾಸ್ ಪ್ರಾಂತದ ನಕ್ಷೆಯನ್ನು ನಾನು ಮೊಳೆಯಿಂದ ಕಿತ್ತು ಕೆಳಗಿಳಿಸಿದ್ದು ಸಿಟ್ಟಿನಿಂದಲೇ.

ಸಾವಿರದ ಒಂಬೈನೂರ ಮೂವತ್ತರ ನಂತರದ ಮಾತಿದು. ಹೊಳೆಗೆ ಅಣೆಕಟ್ಟು ಬರುವುದಕ್ಕೆ ಇನ್ನೂ ಬಹಳ ಕಾಲವಿತ್ತು. ನಾನು ಬಳ್ಳಾರಿಯಲ್ಲಿ ಟ್ರೇನಿಂಗ್ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನನ್ನ ತಂದೆ ಹೊಸಪೇಟೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ಮಗಳು ಸೀರೆಯ ಸೆರಗು ಬಿಗಿದು ಬೀದಿಯಲ್ಲಿ ಶಾಲೆಗೆ ನಡೆದು ಹೋಗುವುದನ್ನು ನೋಡಲು ಅವರಿಗೆ ಹೆಮ್ಮೆ, ನಮ್ಮ ತಾಯಿಗೆ ಸಂಕಟ. ನನಗಂತೂ ಯಾರ ಕಡೆಗೂ ನೋಡುವಷ್ಟು ಪುರುಸೊತ್ತಿರಲಿಲ್ಲ. ಹುಡುಗಿಯರು ನನ್ನನ್ನು ಅಕ್ಕೋರೆ ಎಂದು ಕರೆಯುತ್ತಿದ್ದರು. ಹೆಡ್‌ಮಿಸ್ಟ್ರೆಸ್ ವಯಸ್ಸಾದವರು, ಅವರು ದೊಡ್ಡಕ್ಕೋರು. ದೊಡ್ಡಕ್ಕೋರಿಗೆ ಎಲ್ಲದಕ್ಕೂ ಹೆದರಿಕೆ. ನಾನು ಏನು ಮಾಡಹೊರಟರೂ "ಯಾಕ್ ಬೇಕವ್ವ ಇಲ್ಲದ ಉಸಾಬರಿ" ಎಂದು ಒಮ್ಮೆ ಹೇಳಿ, ಆಮೇಲೆ ತಾವೇ ಬಂದು ನಿಂತು ನೋಡುವರು.

ಆ ನಕ್ಷೆಯ ಸಂಗತಿ ಹೇಳುತ್ತೇನೆ. ಅದಕ್ಕೆ ಗೆದ್ದಲು ಹತ್ತಿತ್ತು. ಹೊಸಪೇಟೆ ಇರಬೇಕಾದ ಕಡೆ ಒಂದು ತೂತು. ಆ ತೂತನ್ನು ಬೆತ್ತದಿಂದ ತೋರಿಸಿ "ನಾವು ಇಲ್ಲಿದ್ದೇವೆ" ಎಂದು ಹೇಳಿಕೊಡುವುದು ವಾಡಿಕೆ. ಹುಡುಗಿಯರು ಪೂರ್ವಕ್ಕೆ ಬಂಗಾಳ ಕೊಲ್ಲಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಎಂದು ಬೀಸುಕಲ್ಲಿನ ಪದದ ಧಾಟಿಯಲ್ಲಿ ಹಾಡುತ್ತಿದ್ದರು. ಪೂರ್ವ ಯಾವುದೇ ಎಂದು ಕೇಳಿದರೆ ನಕ್ಷೆಯ ಬಲಗಡೆಯ ಗೋಡೆ ತೋರಿಸುವರು. ಗೋಡೆಯ ಆಚೆ ಏನಿದೆ ಎಂದರೆ "ಬಾಗಿಲ್ರಿ" ಎನ್ನುವರು.

ಒಂದು ದಿನ ಆರನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಅಕ್ಕಿ ಗಿರಣಿಯವರ ಮನೆಯವಳು, ಹದಿಮೂರು ವರ್ಷದವಳಿರಬೇಕು. ಎರಡು ಜಡೆ, ಒಂದು ಯಾವಾಗಲೂ ಬಿಚ್ಚಿರುತ್ತಿತ್ತು.

"ಅಕ್ಕೋರೆ, ನಮ್ಮ ಹೊಳಿ ಮ್ಯಾಲಕ ಹೆಂಗ ಹತ್ತತೈತ್ರಿ?"

ಏನೆಂದು ನೋಡಿದೆ. ನಿಜವೇ. ನಕ್ಷೆಯಲ್ಲಿ ತುಂಗಭದ್ರೆ ಎಡಗಡೆ ಕೆಳಗಿನಿಂದ ಹೊರಟು ಬಲಗಡೆ ಮೇಲಕ್ಕೆ, ಗೋಡೆ ಹತ್ತಿಕೊಂಡು ಹೋಗುತ್ತಿತ್ತು. ನೀರು ಗೋಡೆ ಹತ್ತುವುದೆಂದರೇನು? ಇಡೀ ತರಗತಿ ಗೊಳ್ಳೆಂದಿತು. ನಗದವಳು ಅವಳೊಬ್ಬಳೇ. ಅವಳಿಗೆ ನಿಜವಾಗಿ ಉತ್ತರ ಬೇಕಾಗಿತ್ತು. ನನಗೆ ಆ ನಕ್ಷೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸ್ಟೂಲು ಹತ್ತಿ ಅದನ್ನು ಇಳಿಸಿ, ನೆಲದ ಮೇಲೆ ಹಾಸಿದೆ.

"ಈಗ ನೋಡು. ಹತ್ತತೈತೋ ಹರೀತೈತೋ?"

ಅವಳು ಸುತ್ತ ಒಂದು ಸಲ ನಡೆದು ನೋಡಿದಳು. "ಈಗ ಹರೀತೈತಿ ಬಿಡ್ರಿ," ಎಂದಳು.

ಅಂದಿನಿಂದ ನಮ್ಮ ಭೂಗೋಳ ನೆಲಕ್ಕೆ ಬಂತು.

ನೆಲಕ್ಕೆ ಬಂದರೆ ಸಾಕೇ? ಉತ್ತರ ಯಾವ ಕಡೆ ಎಂದು ಗೊತ್ತಾಗಬೇಕಲ್ಲ. ಟ್ರೇನಿಂಗಿನಲ್ಲಿ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಅದಕ್ಕೊಂದು ಉಪಾಯವಿತ್ತು. ಅಂಗಳದಲ್ಲಿ ಒಂದು ಕೋಲು ನೆಡಿ, ನಡುಮಧ್ಯಾಹ್ನ ಅದರ ನೆರಳು ಎತ್ತ ಬೀಳುತ್ತದೋ ಅದೇ ಉತ್ತರ ಎಂದು. ಸರಿ, ಕೋಲು ನೆಟ್ಟೆವು. ಸ್ಟೇಷನ್ನಿನ ಗಡಿಯಾರ ನೋಡಿಕೊಂಡು ಬಂದು, ಉರಿಬಿಸಿಲಲ್ಲಿ ನಿಂತು, ಗೇಣುದ್ದವೂ ಇಲ್ಲದ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಟ್ಟು, ಬಾಣದ ಗುರುತು ಬರೆದೆವು. ನಕ್ಷೆಯನ್ನು ಆ ಬಾಣಕ್ಕೆ ಸರಿಯಾಗಿ ತಿರುಗಿಸಿ ಹಾಸಿದೆವು. ನಾನು ಸೊಂಟದ ಮೇಲೆ ಕೈಯಿಟ್ಟು, "ಈಗ ಹಂಪಿ ಯಾವ ಕಡೆ ಹೇಳ್ರಿ ನೋಡೋಣ," ಎಂದೆ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ನಕ್ಷೆಯ ಪ್ರಕಾರ ಹಂಪಿ ಇದ್ದದ್ದು ಸಂಡೂರಿನ ಗುಡ್ಡದ ಕಡೆ. ಆ ಗುಡ್ಡದ ಸಾಲು ನಮ್ಮ ಅಂಗಳದಿಂದಲೇ ಕಾಣುತ್ತದೆ, ಹಂಪಿಯಂತೂ ಅದಕ್ಕೆ ಬೆನ್ನು ಮಾಡಿ ನಿಂತರೆ ಎದುರಿಗಿದೆ. ಅಷ್ಟು ಗೊತ್ತಿಲ್ಲದ ಕೂಸು ಹೊಸಪೇಟೆಯಲ್ಲಿ ಹುಟ್ಟಿರಲಿಲ್ಲ.

"ಪುಸ್ತಕದ ಹಂಪಿ ಬ್ಯಾರೆ ಇರಬೇಕ್ರಿ," ಎಂದಳು ಗಿರಣಿ ಹುಡುಗಿ. ನನ್ನನ್ನು ಕಾಪಾಡುವ ಉದ್ದೇಶ ಅವಳದು. ದೊಡ್ಡಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಅವತ್ತು ಊಟ ಸೇರಲಿಲ್ಲ ನನಗೆ. ರಾತ್ರಿ ಒಂದು ಲಿಂಬೆಹಣ್ಣು ಹಿಡಿದುಕೊಂಡು, ದೀಪದ ಸುತ್ತ ತಿರುಗಿಸಿ ತಿರುಗಿಸಿ ನೋಡಿದ ಮೇಲೆ ತಿಳಿಯಿತು. ಬೇಸಿಗೆಯ ಕಡೆಗಾಲದಿಂದ ಆಷಾಢ ಕಳೆಯುವವರೆಗೆ ನಮ್ಮ ಸೀಮೆಯಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ. ನೆರಳು ತೆಂಕಣಕ್ಕೆ ಬೀಳುತ್ತದೆ. ಪುಸ್ತಕ ಬರೆದ ಪುಣ್ಯಾತ್ಮನ ದೇಶದಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ಪಾಪ, ಅವನಿಗೇನು ಗೊತ್ತು. ಮರುದಿನ ಹುಡುಗಿಯರಿಗೆ ಇದನ್ನು ಲಿಂಬೆಹಣ್ಣು ಹಿಡಿದೇ ತೋರಿಸಿದೆ. ಕೋಲನ್ನು ಕೀಳಲಿಲ್ಲ. ಮುಂದೆ ಗಣೇಶನ ಹಬ್ಬದ ಹೊತ್ತಿಗೆ ನೆರಳು ನಿಧಾನಕ್ಕೆ ಈಚೆ ಬಂದು ಹಂಪಿಯ ಕಡೆಗೆ ಮುಖ ಮಾಡಿದಾಗ, ಹುಡುಗಿಯರು ನೆಂಟರು ಬಂದ ಹಾಗೆ ಕುಣಿದರು. ನಾನೂ ಕುಣಿದೆ ಎಂದು ಬರೆಯುವುದಕ್ಕೆ ಈಗ ನಾಚಿಕೆಯಿಲ್ಲ.

ಆಮೇಲೆ ಸೀಸೆಯ ಆಟ. ಔಷಧದ ಅಂಗಡಿಯಿಂದ ದೊಡ್ಡ ಬಿಳಿಗಾಜಿನ ಸೀಸೆಯೊಂದನ್ನು ತಂದೆ. ನಮ್ಮ ಸುತ್ತಲಿನ ಮಣ್ಣುಗಳನ್ನು ಅದರಲ್ಲಿ ಹಾಕಿ, ನೀರು ತುಂಬಿ, ಕುಲುಕಿ, ಯಾವುದು ಮೊದಲು ತಳಕ್ಕೆ ಇಳಿಯುತ್ತದೆ ಎಂದು ನೋಡುವುದು. ಸಂಡೂರಿನ ಕಲ್ಲು ಸುಲಭವಾಗಿ ಸಿಕ್ಕಿತು. ಅಲ್ಲಿಂದ ಅದಿರು ಹೊತ್ತು ಬರುವ ರೈಲು ಡಬ್ಬಿಗಳಿಂದ ಹಳಿಯ ಪಕ್ಕ ತುಣುಕುಗಳು ಉದುರಿರುತ್ತಿದ್ದವು. ಕೆಂಪು, ಕಪ್ಪು, ಕೈಯಲ್ಲಿ ಹಿಡಿದರೆ ಕೈ ಜಗ್ಗುವಷ್ಟು ಭಾರ. ಅದನ್ನು ನಮ್ಮ ಮನೆಯ ಒರಳಲ್ಲಿ ಕುಟ್ಟಿ ಪುಡಿ ಮಾಡಿದ್ದಕ್ಕೆ ನಮ್ಮ ತಾಯಿ ವಾರವಿಡೀ ನನ್ನೊಂದಿಗೆ ಮಾತಾಡಲಿಲ್ಲ, ಯಾಕೆಂದರೆ ಚಟ್ನಿಯೆಲ್ಲ ಕೆಂಪಾಗಿತ್ತು. ಹಂಪಿಯ ಅರ್ಚಕರ ಮನೆಯ ಹುಡುಗಿಯೊಬ್ಬಳು ಬಂಡೆಗಳ ಬುಡದ ಒರಟು ಮರಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಕಂಪ್ಲಿಯ ಎರೆಮಣ್ಣು ತಂದದ್ದು ಗಿರಣಿ ಹುಡುಗಿ. ಅದಕ್ಕಾಗಿ ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕಂಪ್ಲಿಯಿಂದ ಭತ್ತ ಹೇರಿಕೊಂಡು ಗಿರಣಿಗೆ ಬರುವ ಬಂಡಿಗಳ ಗಾಲಿಗೆ ಮೆತ್ತಿದ್ದ ಕೆಸರನ್ನೇ ಕೆರೆದು ತಂದಿದ್ದಳು.

ಸೀಸೆ ಕುಲುಕಿ ಮೇಜಿನ ಮೇಲಿಟ್ಟೆವು. ಸಂಡೂರು ಕಣ್ಣು ಮಿಟುಕಿಸುವುದರಲ್ಲಿ ತಳ ಹಿಡಿದು ಕುಳಿತುಬಿಟ್ಟಿತು. ಅದರ ಮೇಲೆ ಹಂಪಿಯ ಮರಳು. ಎರೆಮಣ್ಣು ಮಾತ್ರ ಇಳಿಯಲೊಲ್ಲದು. ಮರುದಿನ ಬೆಳಿಗ್ಗೆ ಬಂದು ನೋಡಿದರೂ ನೀರು ಇನ್ನೂ ಕಪ್ಪಗೆ ಕಲಕಿಕೊಂಡೇ ಇತ್ತು.

ಗಿರಣಿ ಹುಡುಗಿ ಸೀಸೆಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು. "ಕಂಪ್ಲಿ ಮಣ್ಣು ಭಾಳ ಹಗುರ ಐತ್ರಿ ಅಕ್ಕೋರೆ. ನೀರು ಎಲ್ಲಿಗೆ ಕರದ್ರ ಅಲ್ಲಿಗೆ ಹೋಗತೈತಿ," ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಏನೆಂದು ಕೇಳಿದಾಗ ಹೊರಗೆ ಬಂತು. ಅವಳ ಸೋದರತ್ತೆಯ ಮನೆ ಕಂಪ್ಲಿಯಲ್ಲಿ. ಅತ್ತೆಯ ಮಗನಿಗೆ ಇವಳನ್ನು ತಂದುಕೊಳ್ಳುವುದು ತೊಟ್ಟಿಲಲ್ಲೇ ಆದ ಮಾತು. ಮದುವೆ ಆಮೇಲೆ, ಆದರೆ ಶ್ರಾವಣ ಬರುತ್ತಲೂ ಹುಡುಗಿಯನ್ನು ಅಲ್ಲಿಗೆ ಕಳಿಸಿಬಿಡುವುದು, ಅಲ್ಲಿಯ ಕೆಲಸ ಬೊಗಸೆ ರೂಢಿಯಾಗಲಿ ಎಂದು ಅವಳ ಅಜ್ಜಿ ಮನಸ್ಸು ಮಾಡಿದ್ದರು. ಆ ಮನೆಯಲ್ಲಿ ಅಜ್ಜಿ ಹೇಳಿದ್ದೇ ಮಾತು. ಗಿರಣಿಯ ಯಜಮಾನರೂ ತಾಯಿಯ ಎದುರು ನಿಂತು ಮಾತಾಡಿದವರಲ್ಲ. ಹುಡುಗಿ ಅತ್ತಿದ್ದಳಂತೆ, ಊಟ ಬಿಟ್ಟಿದ್ದಳಂತೆ. ಕೊನೆಗೆ ಅಜ್ಜಿ ಒಂದು ಮಾತು ಕೊಟ್ಟಿದ್ದರು. ಶಾಲೆಯಲ್ಲಿ ಆರನೆಯ ತರಗತಿ ಉಳಿದರೆ ಹುಡುಗಿಯೂ ಉಳಿಯಲಿ, ತರಗತಿಯೇ ಮುಚ್ಚಿಹೋದರೆ ಮರುದಿನವೇ ಕಂಪ್ಲಿಯ ಬಂಡಿ.

ಅಜ್ಜಿ ಸುಮ್ಮನೆ ಹೇಳಿರಲಿಲ್ಲ. ನಮ್ಮ ಆರನೆಯ ತರಗತಿಯ ಬುಡವೇ ಭದ್ರವಿರಲಿಲ್ಲ. ಒಂದು ವರ್ಷ ನಡೆಸಿ ನೋಡಿ ಎಂದು ಮೇಲಿನವರು ಅನುಮತಿ ಕೊಟ್ಟಿದ್ದರು. ಇದ್ದದ್ದು ಬೆರಳೆಣಿಕೆಯ ಹುಡುಗಿಯರು. ಆಷಾಢದಲ್ಲಿ ಇನ್‌ಸ್ಪೆಕ್ಟ್ರೆಸ್ ಬಂದು ನೋಡುತ್ತಾರೆ, ಸರಿಕಂಡರೆ ತರಗತಿ ಉಳಿಯುತ್ತದೆ, ಇಲ್ಲವಾದರೆ ಐದಕ್ಕೇ ಕೊನೆ. ಆ ಹುಡುಗಿಯ ಮುಖ ನೋಡಿದ ಮೇಲೆ ನನಗೆ ಹಟ ಹಿಡಿಯಿತು. ಬಂದ ಅಮ್ಮನವರು ಬಾಗಿಲಲ್ಲೇ ನಿಂತುಬಿಡಬೇಕು, ಅಂಥದ್ದೊಂದು ಮಾಡಿ ತೋರಿಸುತ್ತೇನೆ ಎಂದುಕೊಂಡೆ.

ಆ ಹಟದಿಂದ ಹುಟ್ಟಿದ್ದು ಮಣ್ಣಿನ ನಕ್ಷೆ. ಪಡಸಾಲೆಯ ತುಂಬ ನಮ್ಮ ಸೀಮೆಯನ್ನೇ ಕಟ್ಟುವುದು. ಈ ಕೆಲಸಕ್ಕೆ ಆಷಾಢಕ್ಕಿಂತ ಒಳ್ಳೆಯ ಕಾಲವಿಲ್ಲ, ಯಾಕೆಂದರೆ ಅದು ಹೆಣ್ಣುಮಕ್ಕಳ ಕೈಯೆಲ್ಲ ಮಣ್ಣಾಗಿರುವ ತಿಂಗಳು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಮುಗಿಸುತ್ತಲೂ ಗುಳ್ಳವ್ವ ಶುರು. ಆಷಾಢದ ಮಂಗಳವಾರಗಳಂದು ಹುಡುಗಿಯರು ಹಸಿ ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿ, ಜೋಳದ ಕಾಳು ಒತ್ತಿ ಸಿಂಗಾರ ಮಾಡಿ, ದೀಪ ಹಚ್ಚಿ ಹಾಡುತ್ತಾರೆ. ಮರುದಿನ ನೀರಿಗೆ ಬಿಡುತ್ತಾರೆ. ನಾನೂ ಮಾಡಿದವಳೇ. ನಮ್ಮ ಹುಡುಗಿಯರಿಗೆ ಮಣ್ಣು ಕಲಸುವುದನ್ನು ಯಾವ ಟ್ರೇನಿಂಗೂ ಹೇಳಿಕೊಡಬೇಕಾಗಿರಲಿಲ್ಲ.

ಎಂಥ ದಿನಗಳು ಅವು. ಕುಟ್ಟಿದ ಸಂಡೂರಿನ ಕಲ್ಲನ್ನು ಮಣ್ಣಿಗೆ ಬೆರೆಸಿ ಗುಡ್ಡದ ಸಾಲು ಎಬ್ಬಿಸಿದರು. ಹಂಪಿಗೆ ಮರಳು ಹರಡಿ, ಬೆಣಚುಕಲ್ಲುಗಳನ್ನು ಒಂದರ ಮೇಲೊಂದು ನಿಲ್ಲಿಸಿದರು, ಒಂದು ಬಿದ್ದರೆ ಎಲ್ಲರೂ ಅಯ್ಯೋ ಎನ್ನುವರು. ಕಂಪ್ಲಿಯ ಎರೆಮಣ್ಣಿನ ಗದ್ದೆಯಲ್ಲಿ ನಿಜವಾದ ಭತ್ತದ ಸಸಿ ಮೊಳೆಯಿತು. ರೈಲಿನ ಹಳಿಗೆ ಜೋಳದ ಕಾಳಿನ ಸಾಲು. ಊರುಗಳಿಗೆ ಏನಿಡುವುದು ಎಂದಾಗ ಗುಲಗಂಜಿ ಇಡಿ ಎಂದು ಹೇಳಿದವಳು ನಾನೇ. ಬಂಡ್ರಿಯಲ್ಲಿ ಅಜ್ಜನ ಮನೆಯಿದ್ದ ಒಬ್ಬಳು, ಬಂಡ್ರಿಗೂ ಒಂದು ಗುಲಗಂಜಿ ಬೇಕೇ ಬೇಕು ಎಂದು ಹಟ ಹಿಡಿದು ಇಡಿಸಿಕೊಂಡಳು. ತಂಬಿಗೆಯಿಂದ ಹೊಳೆಗೆ ನೀರು ಬಿಟ್ಟರೆ ಅದು ಹೊಸಪೇಟೆಯ ಬಗಲಲ್ಲಿ ಸಾಗಿ, ಹಂಪಿಯ ಕಲ್ಲುಗಳ ನಡುವೆ ತಿರುಗಿ, ಕಂಪ್ಲಿ ಮುಟ್ಟುತ್ತಿತ್ತು. ಗೋಡೆ ಹತ್ತುವ ಮಾತೇ ಇಲ್ಲ.

ಇನ್‌ಸ್ಪೆಕ್ಟ್ರೆಸ್ ಬುಧವಾರ ಬೆಳಗಿನ ರೈಲಿಗೆ ಬಳ್ಳಾರಿಯಿಂದ ಬರುತ್ತಾರೆ ಎಂದು ತಿಳಿದಿತ್ತು. ಮಂಗಳವಾರ ಸಂಜೆಗೆ ಕೆಲಸ ಮುಗಿಯಿತು. ಗುಳ್ಳವ್ವನ ದಿನವಾದ್ದರಿಂದ ಹುಡುಗಿಯರು ಅದೇ ಮಣ್ಣಿನಲ್ಲಿ ಒಂದು ಗುಳ್ಳವ್ವನನ್ನೂ ಮಾಡಿ ನಕ್ಷೆಯ ಪಕ್ಕ ಕೂರಿಸಿದ್ದರು. ಗಿರಣಿ ಅಜ್ಜಿಯೇ ಬಂದು ದೀಪ ಹಚ್ಚಿ, ಗುಳ್ಳವ್ವನಿಗೆ ಕುಂಕುಮ ಇಟ್ಟವರು ಸಂಡೂರಿನ ಗುಡ್ಡಕ್ಕೂ ಒಂದು ಬೊಟ್ಟು ಇಟ್ಟರು. ನನಗೆ ನೋಡಲು ಬಹಳ ಚೆಂದ ಕಂಡಿತು. ಇರಲಿ ಬಿಡು, ಅದೂ ಒಂದು ಸಿಂಗಾರ ಎಂದುಕೊಂಡು ಮನೆಗೆ ಹೋಗಿ ನಿಶ್ಚಿಂತೆಯಾಗಿ ಮಲಗಿದೆ.

ಬುಧವಾರ ಬೆಳಿಗ್ಗೆ ಶಾಲೆಗೆ ಬಂದರೆ ಪಡಸಾಲೆ ಸಗಣಿ ಸಾರಿಸಿಕೊಂಡು ಸ್ವಚ್ಛವಾಗಿ ಕುಳಿತಿದೆ. ಗುಡ್ಡವಿಲ್ಲ, ಹೊಳೆಯಿಲ್ಲ, ಹಂಪಿಯಿಲ್ಲ. ನಟ್ಟನಡುವೆ ಒಂದು ರಂಗೋಲಿ. ಹುಡುಗಿಯರು ತೊಯ್ದ ಲಂಗಗಳಲ್ಲಿ, ಖಾಲಿ ಬುಟ್ಟಿಗಳ ಸಮೇತ ಸಾಲಾಗಿ ನಿಂತು ನನ್ನನ್ನು ನೋಡಿ ನಗುತ್ತಿದ್ದಾರೆ.

"ಎಲ್ಲೇ ನಕ್ಷೆ?" ಎಂದೆ.

"ಕಳಿಸಿ ಬಂದ್ವಿ ಅಕ್ಕೋರೆ," ಎಂದಳು ಗಿರಣಿ ಹುಡುಗಿ. "ಗುಳ್ಳವ್ವನ ಜೋಡಿ ಕಾಲವಿಗೆ ಬಿಟ್ವಿ."

ನನಗೆ ಸಿಟ್ಟು ಕುದಿದು ಬಂತು. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ, ಅಷ್ಟರಲ್ಲಿ ಕಂಬದ ಮರೆಯಿಂದ ಅಜ್ಜಿ ಮುಂದೆ ಬಂದರು. ಕೈಯಲ್ಲಿ ಆರತಿಯ ತಟ್ಟೆ.

"ನಾನ ಮುಂದ ನಿಂತು ಕಳಿಸೀನಿ ಅಕ್ಕೋರೆ. ಮಂಗಳವಾರ ದೀಪ ಕಂಡ ಮಣ್ಣು ಹೊತ್ತೇರೂತನಕ ಇಟ್ಕೋಬಾರದು. ಒಣಗಿ ಬಿರಿತಂದ್ರ ಹುಡುಗ್ರಿಗೆ ಒಳ್ಳೇದಲ್ಲ. ನೀವು ಓದಿದೋರು, ಮರತಿರ್ತೀರಿ ಅಂತ ನಾನ ಮಾಡಿಸ್ದೆ."

ಅದೇ ಮಣ್ಣು, ಅದೇ ಗುಲಗಂಜಿ, ಅದೇ ಮಂಗಳವಾರ, ದೀಪವನ್ನು ನಾನೇ ಕಣ್ಣಾರೆ ನೋಡಿ ಸಂತೋಷಪಟ್ಟಿದ್ದೆ. ನಮ್ಮ ಊರಿನ ಯಾವ ಹೆಂಗಸನ್ನು ಕೇಳಿದರೂ ಅಜ್ಜಿ ಮಾಡಿದ್ದೇ ಸರಿ ಎನ್ನುವಳು. ನಾಲಿಗೆ ಕಚ್ಚಿಕೊಂಡು ಮೆಟ್ಟಿಲ ಮೇಲೆ ತಲೆಗೆ ಕೈಕೊಟ್ಟು ಕುಳಿತೆ. ದೊಡ್ಡಕ್ಕೋರು ಬಂದು, ನೋಡಿ, ಪಕ್ಕದಲ್ಲಿ ತಾವೂ ಹಾಗೆಯೇ ಕುಳಿತರು. ಆಗ ಹುಡುಗಿಗೆ ವಿಷಯ ಹೊಳೆಯಿತು ಎಂದು ಕಾಣುತ್ತದೆ. "ಇನಿಸ್ಪೆಟ್ರಮ್ಮಗ ಏನ್ ತೋರಸ್ತೀವ್ರಿ ಈಗ?" ಎಂದಳು.

ಉತ್ತರ ಕೊಡುವ ಮೊದಲೇ ಜಟಕಾ ಬಾಗಿಲಿಗೆ ಬಂದು ನಿಂತಿತು.

ಇನ್‌ಸ್ಪೆಕ್ಟ್ರೆಸ್ ಎತ್ತರದ ಹೆಂಗಸು. ದಪ್ಪ ಗಾಜಿನ ಕನ್ನಡಕ, ತೆಲುಗಿನ ರಾಗವಿದ್ದ ಕನ್ನಡ. ಲೆಕ್ಕ ಕೇಳಿದರು, ಓದಿಸಿದರು, ಹೊಲಿಗೆ ನೋಡಿದರು. ಎಲ್ಲಕ್ಕೂ ಹೂಂ ಎಂದರು, ಯಾವುದಕ್ಕೂ ಮುಖ ಅರಳಲಿಲ್ಲ. ಆಮೇಲೆ ದೊಡ್ಡಕ್ಕೋರ ಕಡೆ ತಿರುಗಿದರು.

"ಏಮ್ಮಾ, ಏನೋ ಮಣ್ಣಿನ ನಕ್ಷೆ ಮಾಡಿಸಿದ್ದೀವಿ ಅಂತ ಹೇಳಿ ಕಳಿಸಿದ್ರಲ್ಲ. ಎಲ್ಲಿ ಅದು?"

ದೊಡ್ಡಕ್ಕೋರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಬಾಗಿಲ ಹತ್ತಿರ ಗೋಡೆಗೆ ಒರಗಿ ಅಜ್ಜಿ ಕುಳಿತಿದ್ದರು. ಸರಕಾರದ ಅಮ್ಮ ತರಗತಿಯ ಬಗ್ಗೆ ಏನು ಹೇಳುತ್ತಾಳೆ ಎಂದು ತಮ್ಮ ಕಿವಿಯಿಂದಲೇ ಕೇಳಿಸಿಕೊಂಡು ಹೋಗಲು ಅವರು ಮನೆಗೆ ಹೋಗದೆ ಉಳಿದಿದ್ದರು. ಆಗ ಗಿರಣಿ ಹುಡುಗಿ ಎದ್ದು ನಿಂತಳು.

"ಹೊಂಟೈತ್ರಿ ಅಮ್ಮಾರೆ. ಕಾಲವಿಯಾಗ ಹೊಂಟೈತಿ."

"ಹೊಂಟಿದೆ ಅಂದ್ರೆ?"

ಹುಡುಗಿ ಗುಳ್ಳವ್ವನಿಂದ ಶುರುಮಾಡಿ ಎಲ್ಲ ಹೇಳಿದಳು. ಇನ್‌ಸ್ಪೆಕ್ಟ್ರೆಸ್ ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆದುಕೊಳ್ಳುತ್ತಿದ್ದರೋ ಬೇಸರವೋ ತಿಳಿಯಲಿಲ್ಲ. "ಹಂಗಾದ್ರೆ ನೋಡೋದಕ್ಕೆ ಏನೂ ಇಲ್ಲ," ಎಂದರು.

"ಐತ್ರಿ," ಎಂದಳು ಹುಡುಗಿ. "ಯಾವ್ ಯಾವ್ದು ಎಲ್ಲೆಲ್ಲಿ ಐತಿ ಅಂತ ಹೇಳ್ತೀನ್ರಿ. ಸಂಡೂರು ಗುಡ್ಡ ಎಲ್ಲಿಗೂ ಹೋಗಿಲ್ರಿ. ಅದು ಭಾಳ ಭಾರ. ನಾವು ಬುಟ್ಟಿ ಸುರಿವಿದ ಮೆಟ್ಟಲ ಹತ್ರನ ತಳಕ್ಕ ಕುಂತಿರತೈತಿ. ಹಂಪಿ ಮರಳು ಒಂದೀಟು ಮುಂದ ಉಳ್ಕೊಂಡಿರತೈತಿ. ಎರಿಮಣ್ಣು ಮಾತ್ರ ಇಳಿಯಂಗಿಲ್ಲ. ಅದು ಕಬ್ಬಿನ ಗದ್ದಿ ದಾಟಿ, ಹಳ್ಳ ಹಿಡದು, ಹೊಳಿ ಸೇರಿ, ಕಂಪ್ಲಿಗೆ ಹೋಗತೈತ್ರಿ. ಅಲ್ಲಿಂದ ಕೃಷ್ಣಾ ಹೊಳಿಗೆ, ಅಲ್ಲಿಂದ ಮೂಡಲ ಸಮುದ್ರಕ್ಕ."

ಬೀಸುಕಲ್ಲಿನ ಧಾಟಿಯಲ್ಲಿ ಹಾಡುತ್ತಿದ್ದ ಅದೇ ಬಂಗಾಳ ಕೊಲ್ಲಿ. ಈಗ ಅವಳು ಅದರ ಕಡೆಗೆ ಕೈ ಮಾಡಿ ತೋರಿಸುತ್ತಿದ್ದಳು, ಕೈ ಸರಿಯಾಗಿ ಮೂಡಣಕ್ಕೇ ಇತ್ತು.

ಇನ್‌ಸ್ಪೆಕ್ಟ್ರೆಸ್ ಕೊಡೆ ತೆಗೆದುಕೊಂಡು ಎದ್ದರು. "ನಡೀರಿ, ಸಂಡೂರು ಗುಡ್ಡ ಅಲ್ಲೇ ಕೂತಿದೆಯೋ ಇಲ್ಲವೋ ನೋಡೋಣ."

ಕಾಲುವೆ ಶಾಲೆಯ ಹಿಂದಿನ ಬೀದಿ ದಾಟಿದರೆ ಸಿಗುತ್ತಿತ್ತು. ಮುಂದೆ ಇನ್‌ಸ್ಪೆಕ್ಟ್ರೆಸ್, ಹಿಂದೆ ದೊಡ್ಡಕ್ಕೋರು, ನಾನು, ಇಡೀ ಶಾಲೆಯ ಹುಡುಗಿಯರು, ಎಲ್ಲರ ಹಿಂದೆ ಅಜ್ಜಿ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಏನು ದಿಬ್ಬಣವಪ್ಪಾ ಇದು ಎಂದು ಎದ್ದು ನಿಂತರು. ಹೊಳೆಗೆ ಹೊಸ ನೀರು ಬಂದಿದ್ದರಿಂದ ಕಾಲುವೆಯೂ ಕಂದು ಬಣ್ಣಕ್ಕೆ ತಿರುಗಿ ತುಂಬಿ ಹರಿಯುತ್ತಿತ್ತು. ತಳ ಕಾಣುವ ಮಾತೇ ಇಲ್ಲ.

ಹುಡುಗಿ ಲಂಗ ಎತ್ತಿ ಕಟ್ಟಿ ಮೆಟ್ಟಿಲಿಳಿದಳು. ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ, ಭುಜ ಮುಳುಗುವ ತನಕ ಕೈ ಇಳಿಬಿಟ್ಟು, ಒಂದು ಹಿಡಿ ತೆಗೆದಳು. ಬರೀ ಕೆಸರು. ಕಾಲುವೆಯ ದಿನನಿತ್ಯದ ಬೂದು ಕೆಸರು. ಬೆರಳ ಸಂದಿಯಿಂದ ಸೋರಿಹೋಯಿತು.

ಮರುದಿನವೇ ಕಂಪ್ಲಿಯ ಬಂಡಿ ಹೊರಡುವುದು ನನ್ನ ಕಣ್ಣ ಮುಂದೆ ಬಂತು.

ಹುಡುಗಿ ಗಾಬರಿಯಾಗಲಿಲ್ಲ. ನೀರು ಹರಿಯುವ ಕಡೆಗೆ ಒಮ್ಮೆ ನೋಡಿದಳು. "ಇಲ್ಲಿ ಸುರಿವಿದ್ವಿ. ನೀರು ಆ ಕಡೆ ಎಳೀತೈತಿ. ತಳ ಮುಟ್ಟೂತನಕ ಒಂದೀಟು ಮುಂದ ಹೋಗಿರತೈತಿ," ಎಂದು ತನಗೆ ತಾನೇ ಹೇಳಿಕೊಂಡು, ಒಂದು ಮಾರು ಕೆಳಗೆ ಸರಿದು, ಕಾಲುವೆಯ ಗೋಡೆಯ ಬುಡಕ್ಕೆ ಮತ್ತೆ ಕೈ ಹಾಕಿದಳು. ಈ ಸಲ ಮುಷ್ಟಿ ಮುಚ್ಚಿಕೊಂಡೇ ಮೇಲೆ ಬಂದು ಇನ್‌ಸ್ಪೆಕ್ಟ್ರೆಸ್ ಎದುರು ಬೆರಳು ಬಿಡಿಸಿದಳು.

ಕೆಂಪು, ಕಪ್ಪು, ಬಿಸಿಲಿಗೆ ಮಿಂಚುವ ಹರಳು ಹರಳಾದ ಪುಡಿ. ನಮ್ಮ ಮನೆಯ ಒರಳಲ್ಲಿ ಕುಟ್ಟಿದ ಅದೇ ಸಂಡೂರು. ಅದರ ನಡುವೆ ಒಂದು ಗುಲಗಂಜಿ.

"ಗುಡ್ಡರಿ ಇದು," ಎಂದಳು ಹುಡುಗಿ. ಗುಲಗಂಜಿಯನ್ನು ಬೆರಳ ತುದಿಯಲ್ಲಿ ಮುಟ್ಟಿ, "ಇದು ಸಂಡೂರು ಊರು."

"ಬಂಡ್ರಿ ಆಗಿದ್ರೂ ಆಗಿರಬೌದ್ರಿ," ಎಂದಿತು ಹಿಂದಿನಿಂದ ಒಂದು ಧ್ವನಿ.

ಮೊದಲು ನಕ್ಕವರು ಇನ್‌ಸ್ಪೆಕ್ಟ್ರೆಸ್. ಕೊಡೆ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾವೆಲ್ಲ ನಕ್ಕೆವು, ಬಟ್ಟೆ ಒಗೆಯುವವರೂ ಏನೆಂದು ತಿಳಿಯದೆ ನಕ್ಕರು. ನಗು ನಿಂತ ಮೇಲೆ ಅವರು ಬೊಗಸೆಯೊಡ್ಡಿ ಆ ಪುಡಿಯನ್ನು ಗುಲಗಂಜಿಯ ಸಮೇತ ಇಸಿದುಕೊಂಡರು, ಭಾರ ನೋಡಿದರು, ಕೈವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು. "ಇದನ್ನ ನಾನು ಬಳ್ಳಾರಿಗೆ ಒಯ್ತೀನಿ," ಎಂದರು. ಅಲ್ಲೇ ಕಾಲುವೆಯ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಆರನೆಯ ತರಗತಿ ಇರುತ್ತದೆ ಎಂದರು. ಬರೆಯುವುದನ್ನು ಆಮೇಲೆ ಬರೆದರು.

ಹುಡುಗಿಯರು ಕೂಗಿದ್ದು ಸ್ಟೇಷನ್ನಿಗೂ ಕೇಳಿಸಿತು ಎಂದು ನಮ್ಮ ತಂದೆ ಆಮೇಲೆ ಹೇಳಿದರು. ಸುಳ್ಳಿರಬಹುದು. ನಾನು ಮಾತ್ರ ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಮೊಮ್ಮಗಳ ಹತ್ತಿರ ಬಂದು ರಟ್ಟೆ ಹಿಡಿದರು.

"ನಡಿ ಮನಿಗೆ."

ಕೂಗಾಟ ನಿಂತುಹೋಯಿತು. ಹುಡುಗಿ ನನ್ನ ಕಡೆ ನೋಡಿದಳು. ಹಿರಿಯರೆಂಬುದನ್ನೂ ಮರೆತು ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಲಂಗೆಲ್ಲ ಹಸಿ ಆಗೈತಿ," ಎಂದರು ಅಜ್ಜಿ. "ಬ್ಯಾರೇದು ಉಟ್ಕೊಂಡು, ಉಂಡು ಜಲ್ದಿ ಬಾ. ಮಧ್ಯಾಹ್ನದ ಸಾಲಿ ತಪ್ಪಸಬ್ಯಾಡ." ಆಮೇಲೆ ನನ್ನ ಕಡೆ ತಿರುಗಿ, "ಕಂಪ್ಲಿಗೆ ನಾನ ಹೇಳಿ ಕಳಸ್ತೀನಿ, ಈ ಸಲ ಆಗಂಗಿಲ್ಲ ಅಂತ. ನನ್ನ ಮಗಳು ಮುನಿಸ್ಕೊಂಡ್ರ ಮುನಿಸ್ಕೊಳ್ಳಲಿ," ಎಂದರು.

ಆ ಅಜ್ಜಿಯನ್ನು ಅಲ್ಲೇ ಅಪ್ಪಿಕೊಳ್ಳಬೇಕೆನ್ನಿಸಿತು. ಬೆಳಿಗ್ಗೆ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಪ್ರೀತಿ ಬಂತು. ಕಾಲು ಮುಟ್ಟಲು ಬಗ್ಗಿದರೆ, "ಮುಂದಿನ ಮಂಗಳವಾರಕ್ಕ ಹೊಸದು ಮಾಡಸ್ರಿ. ಸುಮ್ಮನ ಕುಂದ್ರಬ್ಯಾಡ್ರಿ," ಎಂದು ಹೇಳಿ ಹೊರಟುಬಿಟ್ಟರು.

ಮಾಡಿದೆವು. ಮುಂದಿನ ಮಂಗಳವಾರಕ್ಕೆ ಪಡಸಾಲೆಯ ತುಂಬ ಮತ್ತೆ ಗುಡ್ಡ ಎದ್ದಿತು, ಹೊಳೆ ಹರಿಯಿತು, ಬಂಡ್ರಿಗೆ ಈ ಸಲ ಎರಡು ಗುಲಗಂಜಿ ಬಿದ್ದವು. ಬುಧವಾರ ಬೆಳಿಗ್ಗೆ ನಾನೂ ಒಂದು ಬುಟ್ಟಿ ಹೊತ್ತುಕೊಂಡು, ಹುಡುಗಿಯರ ಜೊತೆ ಹಾಡಿಕೊಂಡು ಕಾಲುವೆಗೆ ಹೋದೆ. ಸಂಡೂರನ್ನು ನಾನು ಬಿಟ್ಟೆ, ಗುಳುಂ ಎಂದು ತಳ ಹಿಡಿಯಿತು. ಹಂಪಿಯನ್ನು ಅರ್ಚಕರ ಹುಡುಗಿ ಬಿಟ್ಟಳು. ಕಡೆಗೆ ಉಳಿದದ್ದು ಗಿರಣಿ ಹುಡುಗಿಯ ಬುಟ್ಟಿ. ಅವಳು ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ಎರೆಮಣ್ಣನ್ನು ಎರಡೂ ಕೈಯಿಂದ ನೀರಿಗಿಟ್ಟಳು. ಅದು ಕರಗಿ, ಕಪ್ಪಗೆ ಹರಡಿ, ಮೆಲ್ಲಗೆ ಹೊರಟಿತು.

"ನೀ ಹೋಗಿರು ಕಂಪ್ಲಿಗೆ," ಎಂದು ಅವಳು ಅದಕ್ಕೆ ಹೇಳಿದಳು. "ನನಗ ಇನ್ನಾ ಓದೋದೈತಿ."